ದುಂಡು ಕೊಕ್ಕೆಗೆ ಜೀವಂತ ಮರಿ

ಫೆಬ್ರುವರಿ 3, ಸೋಮವಾರ

ಆದದ್ದು, ಆಡಿದ್ದು ಎಲ್ಲವನ್ನೂ ತಾರೀಖು ಹಾಕಿ ಬರೆದಿಡಬೇಕಂತೆ. ಕಂಪನಿಯ ವಿಚಾರಣೆಯ ದಿನ ತಡವರಿಸಬಾರದು ಎಂದು, ನಾನು ಸಲಹೆ ಕೇಳಲು ಹೋದ ವಕೀಲರು ಹೇಳಿದರು. ಐಟಿಐ ಮುಗಿದ ಮೇಲೆ ನಾನು ಪೆನ್ನು ಹಿಡಿದದ್ದು ಸಹಿ ಹಾಕುವುದಕ್ಕೆ ಮಾತ್ರ. ಆದರೂ ಬರೆಯುತ್ತೇನೆ. ಬೈಯುವುದಕ್ಕೆ ಸದ್ಯ ಬೇರೆ ಜಾಗವಿಲ್ಲ.

ಜನವರಿ 28, ಮಂಗಳವಾರ, ಮೊದಲ ಪಾಳಿ. ತಗಡು ಒತ್ತುವ ನಮ್ಮ ಪ್ರೆಸ್ಸುಗಳಿಗೆ ಎರಡು ಗುಂಡಿ. ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ಅಚ್ಚು, ಅಂದರೆ ಡೈ, ಕೆಳಗಿಳಿಯಬೇಕು. ಆಗ ಕೈ ಒಳಗೆ ಸಿಕ್ಕುವ ಪ್ರಶ್ನೆಯೇ ಇಲ್ಲ. ಆದರೆ ಹಾಗೆ ಮಾಡುತ್ತ ಕೂತರೆ ಪಾಳಿಗೆ ಒಂಬೈನೂರು ಪೀಸು ಬರುವುದಿಲ್ಲ. ಅದಕ್ಕೆ ಒಂದು ಗುಂಡಿಗೆ ಮರದ ಚಕ್ಕೆ ತುರುಕಿ, ಒತ್ತಿದ ಹಾಗೇ ಇಟ್ಟುಬಿಡುತ್ತಾರೆ. ಒಂದು ಕೈ ಒತ್ತುತ್ತದೆ, ಇನ್ನೊಂದು ಕೈ ತಗಡು ಇಡುತ್ತದೆ. ನಮ್ಮ ಶಾಪಿನಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಆ ದಿನ ನಾಲ್ಕನೇ ಪ್ರೆಸ್ಸಿನಲ್ಲಿ ವೇಣಿ ಇದ್ದಳು. ಕಾಂಟ್ರಾಕ್ಟ್ ಹುಡುಗಿ, ಜಿಗಣಿಯ ನಮ್ಮ ವಠಾರದಲ್ಲೇ ತಾಯಿಯ ಜೊತೆ ಇದ್ದಾಳೆ, ನನ್ನನ್ನು ಅಣ್ಣ ಎನ್ನುತ್ತಾಳೆ. ಬೆಳಿಗ್ಗೆ ಸೂಪರ್‌ವೈಸರ್ ಮುರಳಿ ತನ್ನ ಕೈಯಾರೆ ಅವಳ ಗುಂಡಿಗೆ ಚಕ್ಕೆ ಹಾಕಿದ್ದನ್ನು ನಾನು ನೋಡಿದ್ದೆ. ಹನ್ನೊಂದು ನಲವತ್ತಕ್ಕೆ ಅವಳ ಎಡಗೈ ಉಂಗುರಬೆರಳಿನ ತುದಿ ಹೋಯಿತು. ಓಡಿ ಬಂದ ಮುರಳಿ ಮೊದಲು ಮಾಡಿದ ಕೆಲಸ ಚಕ್ಕೆ ಕಿತ್ತು ಜೇಬಿಗೆ ಹಾಕಿಕೊಂಡದ್ದು. ಎರಡನೆಯದು, ಮನೆ ಬಾಗಿಲಿಗೆ ಸಿಕ್ಕಿತು ಅಂತ ಹೇಳು ಎಂದು ಅವಳಿಗೆ ಹೇಳಿಕೊಟ್ಟದ್ದು. ಅದು ಕಿವಿಗೆ ಬಿದ್ದದ್ದೇ ತಡ, ನಾನು ಅವನ ಕಾಲರ್ ಹಿಡಿದು ಎರಡು ಬಿಟ್ಟೆ. ಅವನ ತುಟಿ ಒಡೆಯಿತು.

ಈಗ ಕಂಪನಿಯ ಕಾಗದದಲ್ಲಿ ವೇಣಿಯ ಬೆರಳೂ ಇಲ್ಲ, ಚಕ್ಕೆಯೂ ಇಲ್ಲ. ಯಮನಪ್ಪ ಎಂಬ ಆಪರೇಟರ್ ಕಾರಣವಿಲ್ಲದೆ ಮೇಲಿನವನನ್ನು ಹೊಡೆದ, ಅಷ್ಟೇ ಇದೆ. ನನ್ನನ್ನು ಅಮಾನತು ಮಾಡಿದ್ದಾರೆ. ವಿಚಾರಣೆಯಲ್ಲಿ ಸಾಬೀತಾದರೆ ಡಿಸ್‌ಮಿಸ್. ಒಂಬತ್ತು ವರ್ಷ ಕಾಂಟ್ರಾಕ್ಟಿನಲ್ಲಿ ಸವೆದು, ಕಳೆದ ವರ್ಷವಷ್ಟೇ ಪರ್ಮನೆಂಟ್ ಆದವನು ನಾನು. ಡಿಸ್‌ಮಿಸ್ ಆದವನನ್ನು ಬೊಮ್ಮಸಂದ್ರದಿಂದ ಅತ್ತಿಬೆಲೆಯವರೆಗೆ ಯಾವ ಗೇಟಿನಲ್ಲೂ ಒಳಗೆ ಬಿಡುವುದಿಲ್ಲ. ಈ ಕೆಲಸ ಹೋದರೆ ನನ್ನ ಹತ್ತು ವರ್ಷವೂ ಹೋದ ಹಾಗೆ.

ಮನೆಯಲ್ಲಿ ಮಹಾದೇವಿ ಅನ್ನ ಬಡಿಸುತ್ತ ಒಂದೇ ಮಾತು ಅಂದಳು. "ಸಿಟ್ಟಿನ್ಯಾಗ ಕೊಯ್ದ ಮೂಗು ಮತ್ತ ಬರೂದಿಲ್ರಿ." ನಮ್ಮ ಇಂಡಿ ಕಡೆ ಎಲ್ಲರೂ ಹೇಳುವ ಗಾದೆಯೇ. ಆದರೂ ಕಟ್ಟಿಕೊಂಡ ಹೆಂಡತಿ ಹೇಳಿದಾಗ ಮೈ ಉರಿಯಿತು. ತಟ್ಟೆ ತಳ್ಳಿ ಎದ್ದುಬಿಟ್ಟೆ. ಈಗ ಹೊಟ್ಟೆ ಹಸಿದಿದೆ, ಕೇಳಲು ಮನಸ್ಸಿಲ್ಲ.

ಫೆಬ್ರುವರಿ 6, ಗುರುವಾರ

ಅಮಾನತಾದವನು ದಿನಾ ಹತ್ತು ಗಂಟೆಗೆ ಫ್ಯಾಕ್ಟರಿ ಗೇಟಿನಲ್ಲಿ ಸಹಿ ಹಾಕಬೇಕು. ನಿನ್ನೆಯವರೆಗೆ ಸಲಾಂ ಹೊಡೆಯುತ್ತಿದ್ದ ಸೆಕ್ಯುರಿಟಿಯವನು ಇಂದು ರಿಜಿಸ್ಟರನ್ನು ಕಿಟಕಿಯಿಂದ ಹೊರಗೆ ತಳ್ಳಿದ. ಸಹಿ ಹಾಕಿ ಮನೆಗೆ ಹೋದರೆ ಮಹಾದೇವಿಯ ಮೇಲೆ ಹರಿಹಾಯುತ್ತೇನೆ. ಅದಕ್ಕೆ ಕೈಗಾರಿಕಾ ಪ್ರದೇಶದ ಹಿಂದಿನ ಕೆರೆಯ ಏರಿ ಮೇಲೆ ಹೋಗಿ ಕೂತೆ.

ಅಲ್ಲಿ ಒಬ್ಬ ಮುದುಕ ಗಾಳ ಹಾಕಿ ಕೂತಿದ್ದ. ಹೆಸರು ಚಿಕ್ಕಮುನಿಯಪ್ಪ, ಇದೇ ಊರಿನವನು. ಅವನ ಹೊಲ ಇದ್ದ ಜಾಗದಲ್ಲಿ ಈಗ ಪಂಪು ತಯಾರಿಸುವ ಫ್ಯಾಕ್ಟರಿ ಇದೆಯಂತೆ. ಭಾನುವಾರಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕೆಲವರನ್ನು ಮೀನು ಹಿಡಿಯಲು ಕರೆತರುತ್ತಾನೆ. ಅವರು ಹಿಡಿದು, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡುವ ಜನ. ಹಿಡಿದದ್ದನ್ನು ಬಿಡುವುದಕ್ಕೆ ಬಸ್ ಹತ್ತಿ ಬರಬೇಕೆ ಎಂದು ನಾನು ಕೇಳಿದೆ. ಅವರು ಕಾರಲ್ಲಿ ಬರ್ತಾರೆ ಎಂದ.

ಅವನ ಬಳಿ ಇನ್ನೊಂದು ಕೋಲು ಇತ್ತು, ಕೊಟ್ಟ. ಕೊಕ್ಕೆ ನೋಡಿ ನನಗೆ ನಗು ಬಂತು. ಮಾಮೂಲಿ ಕೊಕ್ಕೆಯ ಮುಳ್ಳು ಮೇಲಕ್ಕೆ ನೆಟ್ಟಗಿರುತ್ತದೆ. ಇದರದ್ದು ಒಳಕ್ಕೆ ಬಾಗಿ ತನ್ನ ಕಾಲನ್ನೇ ನೋಡುತ್ತಿತ್ತು. ಹತ್ತು ವರ್ಷ ಪ್ರೆಸ್ಸಿನಲ್ಲಿ ದುಡಿದ ಕಣ್ಣು ನನ್ನದು. ಡೈ ತಪ್ಪಿ ಬಂದ ರಿಜೆಕ್ಟ್ ಪೀಸು ಅಂದೆ. ಭಾನುವಾರದವರು ಕೊಟ್ಟದ್ದು, ಅವರು ಸರ್ಕಲ್ ಹುಕ್ ಅನ್ನುತ್ತಾರೆ, ನಾನು ದುಂಡು ಕೊಕ್ಕೆ ಅಂತೀನಿ ಎಂದ ಮುದುಕ. ಇದಾದರೆ ಮೀನು ಹೊಟ್ಟೆಗೆ ನುಂಗಿಕೊಳ್ಳುವುದಿಲ್ಲ, ಬಾಯಿಯ ಮೂಲೆಯಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತದಂತೆ.

ದಾರಕ್ಕೆ ಕಟ್ಟಿದ ಬೆಂಡು ಮುಳುಗಿತು. ನಾನು ಶಕ್ತಿ ಹಾಕಿ ಜಗ್ಗಿದೆ. ಬರಿಯ ಕೊಕ್ಕೆ ಹಾರಿ ಬಂದು ಹಿಂದಿನ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ಮೂರು ಸಲ ಹೀಗೇ ಆಯಿತು. ನಾಲ್ಕನೇ ಸಲ ಕೋಲನ್ನೇ ನೀರಿಗೆ ಎಸೆದೆ. ಮುದುಕ ಬೈಯಲಿಲ್ಲ, ಪಂಚೆ ಎತ್ತಿಕಟ್ಟಿ ಇಳಿದು ತಂದುಕೊಂಡ. ನನಗೆ ನಾಚಿಕೆಯಾಯಿತು.

ಫೆಬ್ರುವರಿ 12, ಬುಧವಾರ

ಮೊದಲ ವಿಚಾರಣೆ. ಹಾಳಾಗಿ ಹೋಯಿತು.

ಫ್ಯಾಕ್ಟರಿಯ ಟ್ರೇನಿಂಗ್ ರೂಮಿನಲ್ಲೇ ನಡೆಸುತ್ತಾರೆ. ವಿಚಾರಣಾಧಿಕಾರಿ ಹೊರಗಿನ ವಕೀಲರು, ವಯಸ್ಸಾದವರು, ನಿಧಾನಕ್ಕೆ ಬರೆದುಕೊಳ್ಳುತ್ತಾರೆ. ಕಂಪನಿಯ ಪರ ಎಚ್‌ಆರ್‌ನ ಲಾವಣ್ಯ ಮೇಡಂ. ಮುರಳಿ ಹೇಳಿಕೆ ಕೊಟ್ಟ. ಯಮನಪ್ಪ ಮೊದಲಿನಿಂದಲೂ ಒರಟು, ಟಾರ್ಗೆಟ್ ಕೇಳಿದ್ದಕ್ಕೆ ಹೊಡೆದ ಎಂದ. ನಾನು ಎದ್ದು ನಿಂತು, ಥೂ ಸುಳ್ಳ, ನಿನ್ನ ಜೇಬಿನಲ್ಲಿದೆಯಲ್ಲೋ ಚಕ್ಕೆ ಎಂದು ಕೂಗಿದೆ. ಮೇಜು ಗುದ್ದಿದೆ. ನೀರಿನ ಲೋಟ ಬಿದ್ದು ಕಾಗದ ತೋಯಿತು. ಲಾವಣ್ಯ ಮೇಡಂ ದನಿಯನ್ನೂ ಏರಿಸಲಿಲ್ಲ. ಆಪಾದಿತರು ವಿಚಾರಣೆಯಲ್ಲೂ ಹೀಗೆ ವರ್ತಿಸಿದ್ದಾರೆ ಎಂದು ದಾಖಲಿಸಬೇಕೆಂದು ಮಾತ್ರ ಕೇಳಿಕೊಂಡರು. ದಾಖಲಾಯಿತು. ಕೆಳಗೆ ನಾನೇ ಸಹಿ ಹಾಕಿದೆ.

ಹೊರಗೆ ಬರುವಾಗ ಮುರಳಿ ನಗುತ್ತಿದ್ದ. ಬೇಕೆಂದೇ ಕೆಣಕಿದ, ನಾನು ಕೆಣಕಿಸಿಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಫೆಬ್ರುವರಿ 13, ಗುರುವಾರ

ಕೆರೆ. ಇವತ್ತು ಮುದುಕ ಕೊಕ್ಕೆಗೆ ಜೀವಂತ ಮೀನುಮರಿ ಹಾಕಿ ಹಿಡಿಯುವುದನ್ನು ಹೇಳಿಕೊಟ್ಟ. ದೊಡ್ಡ ಕೊರಮೀನು ಸತ್ತದ್ದನ್ನು ಮೂಸುವುದಿಲ್ಲ, ಅದಕ್ಕೆ ಓಡಾಡುವುದೇ ಬೇಕು. ಬಕೆಟ್ಟಿನಲ್ಲಿ ಬೆರಳುದ್ದದ ಜಿಲೇಬಿ ಮೀನಿನ ಮರಿಗಳಿದ್ದವು. ಬೆನ್ನಿನ ರೆಕ್ಕೆಯ ಮುಂದೆ ತೊಗಲಿನಲ್ಲಿ ಮಾತ್ರ ಕೊಕ್ಕೆ ದಾಟಿಸಬೇಕು. ಮೂಳೆಗೆ ತಾಕಿದರೆ ಸತ್ತೇಹೋಗುತ್ತದೆ. ಮುಳ್ಳು ಪೂರಾ ಹೊರಗೆ ಕಾಣುತ್ತಿರಬೇಕು, ಮಾಂಸದಲ್ಲಿ ಹುದುಗಿದರೆ ಕೊಕ್ಕೆ ತಿರುಗುವುದಿಲ್ಲ.

ನನ್ನಿಂದ ಆಗಲಿಲ್ಲ. ಅಂಗೈಯಲ್ಲಿ ಅದು ಬಾಯಿ ತೆರೆದು ಮುಚ್ಚಿ ಮಾಡುವುದನ್ನು ನೋಡಿ ಕೈ ನಡುಗಿತು. ಮುರಳಿಯ ತುಟಿ ಒಡೆದ ಕೈ, ಬೆರಳುದ್ದದ ಮರಿಯ ಮುಂದೆ ಸೋತಿತು. ಕೊನೆಗೆ ಮುದುಕನೇ ಚುಚ್ಚಿಕೊಟ್ಟ.

ಸ್ವಲ್ಪ ಹೊತ್ತಿಗೆ ತಂಗೂಸಿ ದಾರ ತಾನಾಗಿ ಬಿಚ್ಚಿಕೊಂಡು ಹೋಗತೊಡಗಿತು. ನಾನು ಕೋಲು ಎತ್ತಲು ಹೋದೆ. ಮುದುಕ ನನ್ನ ಮಣಿಕಟ್ಟು ಹಿಡಿದ.

"ಎಳೀಬ್ಯಾಡ ಕಣಪ್ಪ. ಕಚ್ಚಿರದು ಗೊತ್ತಾಯ್ತಲ್ಲ, ಸುಮ್ಕಿರು. ಅದು ನಂದೇ ಅಂತ ತಿರುಗ್ಕಂಡು ಹೋಯ್ತದೆ ನೋಡು, ಆಗ ಕೊಕ್ಕೆನೇ ತನ್ನ ಕೆಲ್ಸ ಮಾಡ್ಕಂತದೆ. ನೀನು ದಾರ ಬಿಗಿ ಮಾಡು, ಸಾಕು."

ಇಪ್ಪತ್ತು ಎಣಿಸುವಷ್ಟು ಹೊತ್ತು. ನನಗೆ ಅದು ಒಂದು ಪಾಳಿಯಷ್ಟು ಉದ್ದ ಅನ್ನಿಸಿತು. ಆಮೇಲೆ ನಿಧಾನಕ್ಕೆ ದಾರ ಸುತ್ತಿದೆ. ಕೋಲು ಬಾಗಿತು. ಎರಡು ಕಿಲೋ ಕೊರಮೀನು. ಕೊಕ್ಕೆ ಸರಿಯಾಗಿ ಬಾಯಿಯ ಮೂಲೆಯಲ್ಲಿತ್ತು, ಒಂದು ಹನಿ ರಕ್ತವಿರಲಿಲ್ಲ. ಮರಿಯೂ ಬದುಕಿತ್ತು. ಮುದುಕ ಮೊದಲು ಮರಿಯನ್ನು ಬಿಡಿಸಿ ನೀರಿಗೆ ಬಿಟ್ಟ, ಆಮೇಲೆ ಮೀನಿನ ಕಡೆ ತಿರುಗಿದ. ಮರಿ ಕೆಲಸ ಮಾಡಿದೆ, ಅದರ ಋಣ ಇಟ್ಟುಕೊಳ್ಳಬಾರದು ಅಂದ. ಬಹಳ ದಿನದ ಮೇಲೆ ನಾನು ಮನೆಗೆ ಹೋಗಿ ಸಮಾಧಾನವಾಗಿ ಉಂಡೆ.

ಫೆಬ್ರುವರಿ 17, ಸೋಮವಾರ

ವೇಣಿ ಬಂದಿದ್ದಳು. ಬೆರಳಿನ ಕಟ್ಟು ಇನ್ನೂ ಇದೆ. ಮೂರನೇ ದಿನಕ್ಕೇ ಕೆಲಸಕ್ಕೆ ಹೋಗಿದ್ದಾಳೆ, ಹೋಗದಿದ್ದರೆ ಕಾಂಟ್ರಾಕ್ಟರು ಬೇರೆಯವರನ್ನು ತರುತ್ತಾನೆ. ಬಾಗಿಲ ಬಳಿಯೇ ನಿಂತು ಹೇಳಿದಳು: "ಅಣ್ಣ, ನಾನು ಬಂದು ನಡೆದದ್ದು ಹೇಳ್ತೀನಿ. ನನ್ನಿಂದ ತಾನೆ ನಿಮಗೆ ಹಿಂಗಾಗಿರೋದು."

ಹೇಳಿದರೆ ಸಂಜೆಯೊಳಗೆ ನಿನ್ನ ಕೆಲಸ ಹೋಗುತ್ತದೆ, ನಿನ್ನ ತಾಯಿಯ ಮಾತ್ರೆ ಯಾರು ತರುತ್ತಾರೆ ಎಂದು ಗದರಿಸಿದೆ. ನನ್ನ ಬಾಯಿಂದ ನಿನ್ನ ಹೆಸರು ಬರುವುದಿಲ್ಲ, ಏನಾದರೂ ಆಗಲಿ ಅಂದೆ. ಮಹಾದೇವಿ ಅವಳಿಗೆ ಜೋಳದ ರೊಟ್ಟಿ ಕಟ್ಟಿಕೊಟ್ಟಳು. ವೇಣಿ ಹೋದ ಮೇಲೆ ಮಹಾದೇವಿ ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಈ ತಿಂಗಳಲ್ಲಿ ಅದೇ ಮೊದಲು.

ಫೆಬ್ರುವರಿ 20, ಗುರುವಾರ

ಸಿಕ್ಕಿತು.

ಕೆರೆಗೆ ಆರೋಪಪಟ್ಟಿಯ ಕಟ್ಟು ತೆಗೆದುಕೊಂಡು ಹೋಗಿದ್ದೆ. ಹನ್ನೊಂದು ಹಾಳೆ. ಒಂಬತ್ತನೆಯದು ಆ ದಿನದ ಪ್ರೊಡಕ್ಷನ್ ಶೀಟು. ನನ್ನ ಮಷಿನ್ ಹನ್ನೊಂದು ನಲವತ್ತಕ್ಕೆ ನಿಂತಿತು ಎಂದು ತೋರಿಸುವುದಕ್ಕೆ ಅವರೇ ಲಗತ್ತಿಸಿದ್ದು. ನಾನು ನನ್ನ ಸಾಲನ್ನು ಬಿಟ್ಟು ಬೇರೆ ನೋಡಿಯೇ ಇರಲಿಲ್ಲ, ಅವರೂ ನೋಡಿಲ್ಲ. ಕೆಳಗಿನ ಸಾಲು: ಪ್ರೆಸ್ ನಾಲ್ಕು, ಆಪರೇಟರ್ ವೇಣಿ, ನಾನೂರ ಹನ್ನೆರಡು ಪೀಸು, ಹನ್ನೊಂದು ನಲವತ್ತಕ್ಕೆ ಬಂದ್. ಕಾರಣದ ಖಾನೆ ಖಾಲಿ. ಪಕ್ಕದಲ್ಲಿ ಮುರಳಿಯ ಸಹಿ.

ಎದ್ದೇಬಿಟ್ಟೆ. ಈಗಲೇ ಹೋಗಿ ಲಾವಣ್ಯ ಮೇಡಂ ಮೇಜಿನ ಮೇಲೆ ಬಿಸಾಡುತ್ತೇನೆ ಅಂದೆ. ಮುದುಕ ವಿಷಯವೆಲ್ಲ ಕೇಳಿ, ಬೆಂಡಿನಿಂದ ಕಣ್ಣು ಕೀಳದೆ, ಈಗ ಜಗ್ಗಿದರೆ ಉಗುಳುತ್ತದೆ ಅಂದ. ಅವನು ಹೇಳಿದ್ದು ಮೀನಿಗೋ ನನಗೋ ಗೊತ್ತಾಗಲಿಲ್ಲ. ಕೂತೆ.

ಕೂತು ಯೋಚಿಸಿದರೆ ನಿಜವೇ. ಈಗ ತೋರಿಸಿದರೆ, ಹೌದು ವೇಣಿ ಇದ್ದಳು, ತನ್ನ ಅಜಾಗರೂಕತೆಯಿಂದ ಬೆರಳು ಕೊಟ್ಟಳು ಎಂದು ಮಾತು ತಿರುಗಿಸುತ್ತಾರೆ. ಮುರಳಿ ಮೊದಲು ತನ್ನ ಸುಳ್ಳನ್ನು ಗಟ್ಟಿಯಾಗಿ ಕಚ್ಚಿಕೊಳ್ಳಬೇಕು.

ಫೆಬ್ರುವರಿ 24, ಸೋಮವಾರ

ವೇಣಿ ಪಾಳಿ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದಳು. ಇಂದು ಎಚ್‌ಆರ್‌ಗೆ ಕರೆದಿದ್ದರಂತೆ. ಜನವರಿ 28ರಂದು ಅವಳು ರಜೆಯಲ್ಲಿದ್ದಳು ಎಂದು ಟೈಪು ಮಾಡಿದ ಕಾಗದ ಮುಂದಿಟ್ಟು ಸಹಿ ಮಾಡಲು ಹೇಳಿದರಂತೆ. ನಾಳೆ ಮಾಡುತ್ತೇನೆ ಎಂದು ಬಂದಿದ್ದಾಳೆ. ಏನು ಮಾಡಲಿ ಅಣ್ಣ ಎಂದು ಕೇಳಿದಳು.

ನಾನು ಮನಸ್ಸಿನಲ್ಲೇ ಹತ್ತು ಎಣಿಸಿದೆ. ಮೊದಲಾದರೆ ಅಲ್ಲಿಗೇ ನುಗ್ಗುತ್ತಿದ್ದೆ.

ಸಹಿ ಮಾಡು ಅಂದೆ.

ಅವಳು ಸುಳ್ಳಲ್ವಾ ಅಣ್ಣ ಅಂದಳು. ಸುಳ್ಳು ಅವರದ್ದು, ನಿನ್ನದಲ್ಲ, ಮಾಡಿ ಸುಮ್ಮನೆ ಕೆಲಸಕ್ಕೆ ಹೋಗುತ್ತಿರು, ಯಾರಾದರೂ ಕೇಳಿದರೆ ಯಮನಪ್ಪನ ಜೊತೆ ಮಾತು ಬಿಟ್ಟಿದ್ದೇನೆ ಅನ್ನು ಎಂದೆ. ತಲೆಯಾಡಿಸಿದಳು. ಆ ಕಾಗದ ಕೈಗೆ ಬಂದರೆ ಮುರಳಿ ಧೈರ್ಯವಾಗಿ ಆ ಮಾತನ್ನೇ ಹೇಳುತ್ತಾನೆ. ಮಹಾದೇವಿ ಒಲೆಯ ಮುಂದಿನಿಂದ ತಿರುಗಿ ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 1, ಶನಿವಾರ

ಬೆಳಿಗ್ಗೆ ಎರಡು ಕೊರಮೀನು. ಒಂದೂ ತಪ್ಪಲಿಲ್ಲ. ಮರಿ ಚುಚ್ಚುವುದು ಈಗ ಅಭ್ಯಾಸವಾಗಿದೆ, ಫೋನಿನಲ್ಲಿ ಮಾತಾಡುತ್ತಲೇ ಚುಚ್ಚುತ್ತೇನೆ. ಮುದುಕ, ಕೈ ನಡುಗೋದು ನಿಂತೋಯ್ತಲ್ಲ ಅಂದ. ಹೊಗಳಿದ ಅಂತ ಅಂದುಕೊಂಡೆ.

ಎರಡನೇ ಮೀನು ಬಿಡಿಸುವ ಗಡಿಬಿಡಿಯಲ್ಲಿ ಮರಿಯನ್ನು ಏರಿ ಮೇಲೆ ಬಿಟ್ಟಿದ್ದೆ. ಮುದುಕ ಅದನ್ನು ಎತ್ತಿಕೊಂಡು ಹೋಗಿ ನೀರಿನಲ್ಲಿ ಸ್ವಲ್ಪ ಹೊತ್ತು ಹಿಡಿದು ನೋಡಿದ. ಸತ್ತಿತ್ತು. "ಅದೂ ಜೀವ್ವೇ ಕಣಪ್ಪ" ಅಂದ. ಬಕೆಟ್ಟಿನಲ್ಲಿ ಇನ್ನೂ ಇಪ್ಪತ್ತಿದ್ದಾವಲ್ಲ ಅಂದೆ. ಅವನು ಬಕೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡ.

ಮಾರ್ಚ್ 5, ಬುಧವಾರ

ಎರಡನೇ ವಿಚಾರಣೆ. ಮುರಳಿಯನ್ನು ಪ್ರಶ್ನಿಸುವ ಸರದಿ ನನ್ನದು. ಎಲ್ಲವನ್ನೂ ನೆನಪಿದ್ದ ಹಾಗೇ ಬರೆಯುತ್ತೇನೆ.

ಅವನು ಬಂದ ಕೂಡಲೇ ಕೆಣಕಿದ. ಹಳ್ಳಿಯಿಂದ ಬಂದವರಿಗೆ ಶಿಸ್ತು ಕಲಿಸೋದು ಕಷ್ಟ ಸಾರ್ ಎಂದು ವಿಚಾರಣಾಧಿಕಾರಿಗೆ ಹೇಳಿದ. ಲಾವಣ್ಯ ಮೇಡಂ ನನ್ನ ಕೈ ನೋಡುತ್ತಿದ್ದರು. ನಾನು ಎರಡೂ ಕೈ ಮೇಜಿನ ಮೇಲೆ ಇಟ್ಟುಕೊಂಡೆ. ನಾನು ಹೊಡೆದದ್ದು ನಿಜ ಸಾರ್, ತಪ್ಪು, ಒಪ್ಪುತ್ತೇನೆ ಎಂದು ಮೊದಲೇ ಹೇಳಿಬಿಟ್ಟೆ. ಮುರಳಿ ಕುರ್ಚಿಗೆ ಒರಗಿದ.

ಆಮೇಲೆ ಸಣ್ಣ ಸಣ್ಣ ಪ್ರಶ್ನೆ. ಪಾಳಿ ಶುರುವಾದಾಗ ಯಾರನ್ನು ಯಾವ ಮಷಿನಿಗೆ ಹಾಕುವುದು ನೀವೇ ತಾನೆ? ಹೌದು. ಶೀಟು ಬರೆಯುವುದೂ ನೀವೇ? ನಾನೇ. ಒಂದು ದಿನವೂ ತಪ್ಪು ಬರೆದಿಲ್ಲ? ಹತ್ತು ವರ್ಷದಲ್ಲಿ ಇಲ್ಲ, ಎಂದು ಎದೆಯುಬ್ಬಿಸಿದ. ನಾಲ್ಕನೇ ಪ್ರೆಸ್ಸಿನಲ್ಲಿ ಅಂದು ಯಾರಿದ್ದರು ಎಂದು ಕೇಳಿದೆ, ಗೊತ್ತಿಲ್ಲದವನ ಹಾಗೆ.

"ಯಾರೂ ಇರ್ಲಿಲ್ಲ ಸಾರ್. ಆ ಹುಡುಗಿ ಲೀವಲ್ಲಿದ್ಲು. ಆಕ್ಸಿಡೆಂಟು ಅನ್ನೋದೇ ಕಟ್ಟುಕತೆ." ಲಾವಣ್ಯ ಮೇಡಂ ವೇಣಿಯ ಸಹಿ ಇದ್ದ ಕಾಗದವನ್ನು ಮುಂದೆ ಸರಿಸಿದರು.

ಶೀಟು ನನ್ನ ಚೀಲದಲ್ಲಿತ್ತು. ಕೈ ಅಲ್ಲಿಗೆ ಹೋಗಲಿಲ್ಲ. ಹಾಗಾದರೆ ನಾಲ್ಕನೇ ಪ್ರೆಸ್ಸು ಅಂದು ಓಡಲೇ ಇಲ್ಲವೆ ಎಂದು ಕೇಳಿದೆ. ಇಲ್ಲ ಎಂದ. ಖಂಡಿತವೆ? ಖಂಡಿತ. ಬರೆದುಕೊಂಡದ್ದರ ಕೆಳಗೆ ಅವನೂ ಸಹಿ ಹಾಕಿದ, ನಾನೂ ಹಾಕಿದೆ. ಇನ್ನೇನೂ ಪ್ರಶ್ನೆಯಿಲ್ಲ ಸಾರ್ ಎಂದೆ. ಹೊರಗೆ ಬಂದಾಗ ಮುರಳಿ ಹೆಗಲ ಮೇಲೆ ಕೈಹಾಕಿ, ಬಿಡು ಗುರು, ಎಲ್ಲಾದರೂ ಬೇರೆ ಕಡೆ ಸೆಟ್ ಆಗ್ತೀಯ ಎಂದ. ಹೂಂ ಎಂದೆ. ಎದೆ ಡವಡವ ಅನ್ನಲೂ ಇಲ್ಲ.

ಮಾರ್ಚ್ 8, ಶನಿವಾರ

ಸಾಕ್ಷಿ ಹೇಳಲು ವೇಣಿಯನ್ನು ಒಪ್ಪಿಸಿದೆ. ನೀನು ಹೆಚ್ಚು ಹೇಳುವುದು ಬೇಡ, ಒಳಗೆ ಬಂದು ಬೆರಳು ತೋರಿಸು, ಕ್ಲಿನಿಕ್ಕಿನ ಚೀಟಿ ಕೊಡು, ಒಂದು ನಿಮಿಷದ ಕೆಲಸ ಎಂದೆ. ಆ ಕಾಗದಕ್ಕೆ ಸಹಿ ಹಾಕಿದ್ದೀನಲ್ಲ ಅಣ್ಣ ಎಂದಳು. ಹೆದರಿಸಿ ಹಾಕಿಸಿಕೊಂಡರು ಅನ್ನು, ನಿನಗೇನೂ ಆಗುವುದಿಲ್ಲ, ನಾನಿದ್ದೇನೆ ಎಂದೆ. ಅವಳು ನಂಬಿದಳು. ಆಗುವುದೋ ಬಿಡುವುದೋ ಆಮೇಲೆ ನೋಡಿಕೊಳ್ಳೋಣ.

ಅವಳು ಹೋದ ಮೇಲೆ ಮಹಾದೇವಿ, ಅವತ್ತು ಅಕಿನ ಹೆಸರ ಎತ್ತೂದಿಲ್ಲ ಅಂದಿದ್ರಲ್ರಿ ಎಂದಳು. ಅವತ್ತಿನ ಮಾತು ಬೇರೆ ಎಂದೆ. "ಮೊದಲ ನೀವು ಒದರ್ತಿದ್ರಿ, ತಾಟ ಒಗಿತಿದ್ರಿ. ಈಗ ಒದರೂದಿಲ್ಲ. ನನಗ ಈಗ ಅಂಜಿಕಿ ಬರ್ತೈತಿ." ಹೆಂಗಸರಿಗೆ ಕೂಗಿದರೂ ಕಷ್ಟ, ಕೂಗದಿದ್ದರೂ ಕಷ್ಟ.

ಮಾರ್ಚ್ 10, ಸೋಮವಾರ

ಮುದುಕ ತನ್ನ ಕೋಲು ವಾಪಸು ಕೇಳಿದ. ಭಾನುವಾರದವರಿಗೆ ಬೇಕಂತೆ. ಇವತ್ತು ಸೋಮವಾರ. ಕೊಟ್ಟು ಬಂದೆ. ವಯಸ್ಸಾದವರ ಬುದ್ಧಿ ಯಾವಾಗ ಹೇಗೆ ತಿರುಗುತ್ತದೋ.

ಮಾರ್ಚ್ 12, ಬುಧವಾರ

ಗೆದ್ದೆ. ಇನ್ನೂ ಆದೇಶ ಬಂದಿಲ್ಲ, ಆದರೆ ಗೆದ್ದೆ.

ನಿಮ್ಮ ಕಡೆಯ ಸಾಕ್ಷ್ಯ ಏನಿದೆ ಎಂದು ವಿಚಾರಣಾಧಿಕಾರಿ ಕೇಳಿದಾಗ, ಕಂಪನಿಯವರೇ ಕೊಟ್ಟ ಒಂಬತ್ತನೇ ಹಾಳೆ ನೋಡಿ ಸಾರ್ ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಮುರಳಿಯ ಕಡೆ ತಿರುಗಿಸಿ, ಇದು ನಿಮ್ಮ ಸಹಿಯೆ ಎಂದರು. ಮುರಳಿ ಹಾಳೆ ನೋಡಿದ, ಲಾವಣ್ಯ ಮೇಡಂ ಮುಖ ನೋಡಿದ. ಅವರು ಕಿಟಕಿ ನೋಡುತ್ತಿದ್ದರು. ಹೌದು ಸಾರ್ ಎಂದ.

ವಿಚಾರಣಾಧಿಕಾರಿ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದರು. "ನನಗಿಷ್ಟು ಸಾಕು. ನಿಮ್ದು ಇನ್ನೇನಾದ್ರೂ ಇದೆಯೇನಪ್ಪ?"

ಒಬ್ಬರು ಸಾಕ್ಷಿ ಇದ್ದಾರೆ ಸಾರ್ ಎಂದೆ.

ವೇಣಿ ಒಳಗೆ ಬಂದಳು. ಯೂನಿಫಾರ್ಮಿನಲ್ಲೇ ಇದ್ದಳು, ಊಟದ ಬಿಡುವಿನಲ್ಲಿ ಬಂದದ್ದು. ಕಟ್ಟು ಬಿಚ್ಚಿ ಬೆರಳು ತೋರಿಸಿದಳು. ಮುರಳಿ ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ. ಲಾವಣ್ಯ ಮೇಡಂ ಅವಳು ಸಹಿ ಹಾಕಿದ ಕಾಗದ ಹಿಡಿದು, ಇದು ಸುಳ್ಳೋ ಈಗ ಹೇಳುತ್ತಿರುವುದು ಸುಳ್ಳೋ ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ಅದು ಸುಳ್ಳು ಮೇಡಂ ಎಂದಳು. ಮೇಡಂ ಅದನ್ನು ದಾಖಲಿಸಿಕೊಳ್ಳಲು ಹೇಳಿ ಫೈಲು ಮುಚ್ಚಿದರು.

ಮನೆಗೆ ಬಂದು ಮಹಾದೇವಿಗೆ ಅಕ್ಷರ ಬಿಡದೆ ಎಲ್ಲವನ್ನೂ ಹೇಳಿದೆ. ಮುರಳಿಯ ಮುಖ ಹೇಗಾಯಿತು ಎಂದು ಎರಡು ಸಲ ಹೇಳಿದೆ.

ಮಾರ್ಚ್ 24, ಸೋಮವಾರ

ಆದೇಶ ಬಂತು. ಹೊಡೆದದ್ದಕ್ಕೆ ಎಚ್ಚರಿಕೆ ಪತ್ರ, ಕೆಲಸ ವಾಪಸು. ಮೊದಲ ಪಾಳಿಗೆ ಹೋದೆ. ಸೆಕ್ಯುರಿಟಿಯವನು ಎದ್ದು ನಿಂತ. ಮುರಳಿಯನ್ನು ಬೇರೆ ಪ್ಲಾಂಟಿಗೆ ವರ್ಗ ಮಾಡಿದ್ದಾರೆ. ಗುಂಡಿಗಳಲ್ಲಿ ಚಕ್ಕೆ ಇರಲಿಲ್ಲ, ಟಾರ್ಗೆಟ್ಟು ಮಾತ್ರ ಒಂಬೈನೂರೇ ಇದೆ.

ನಾಲ್ಕನೇ ಪ್ರೆಸ್ಸಿನಲ್ಲಿ ಬೇರೆ ಹುಡುಗಿ. ಶನಿವಾರವೇ ಕಾಂಟ್ರಾಕ್ಟರು ವೇಣಿಗೆ ಇನ್ನು ಬರಬೇಡ ಎಂದಿದ್ದಾನೆ. ಕಂಪನಿಗೆ ಸುಳ್ಳು ಬರೆದುಕೊಟ್ಟವಳು ಎಂಬ ಕಾರಣ. ಬೆರಳಿನ ಬಗ್ಗೆ ಯಾರೂ ಏನೂ ಬರೆದಿಲ್ಲ. ಎಚ್‌ಆರ್‌ಗೆ ಹೋಗಿ ಕೇಳಿದೆ. ಅವಳು ನಮ್ಮ ಉದ್ಯೋಗಿಯಲ್ಲ ಎಂದರು. ನಾನು ಮೇಜು ಗುದ್ದಲಿಲ್ಲ. ಸರಿ ಮೇಡಂ ಎಂದು ಮಷಿನಿಗೆ ವಾಪಸು ಬಂದೆ.

ಮಾರ್ಚ್ 29, ಶನಿವಾರ

ನಾಳೆ ಯುಗಾದಿ. ಇಂದು ವೇಣಿ ಮತ್ತು ಅವಳ ತಾಯಿ ರೂಮು ಖಾಲಿ ಮಾಡಿದರು. ಆನೇಕಲ್ ಕಡೆ ಚಿಕ್ಕಮ್ಮನ ಮನೆಗೆ ಹೋಗುತ್ತಾರಂತೆ. ಸಾಮಾನು ಒಂದೇ ಆಟೋದಲ್ಲಿ ಹಿಡಿಸುವಷ್ಟಿತ್ತು. ನಾನು ಬೀರು ಎತ್ತಲು ಕೈಜೋಡಿಸಲು ಹೋದೆ. ಅವಳು ಆ ಬೆರಳಿರುವ ಕೈಯಿಂದಲೇ ಇನ್ನೊಂದು ತುದಿ ಹಿಡಿದಳು. ಬೇರೆ ಕಡೆ ವಿಚಾರಿಸುತ್ತೇನೆ ಎಂದೆ. "ನಿಮ್ಮ ಕೆಲ್ಸ ಉಳೀತಲ್ಲ ಅಣ್ಣ, ಸಾಕು ಬಿಡಿ" ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಹಾಗೇ ಅಂದಳು. ಅವಳ ತಾಯಿ ಮಾತ್ರ ನನ್ನ ಮುಖ ನೋಡಲಿಲ್ಲ.

ಆಟೋ ಹೋದ ಮೇಲೆ ಮಹಾದೇವಿ ಅವರ ರೂಮಿನ ಮುಂದೆ ಕಸ ಗುಡಿಸಿ ಒಳಗೆ ಬಂದಳು. ಹಬ್ಬಕ್ಕೆ ತಂದ ಬೇವಿನ ಸೊಪ್ಪು ಬಿಡಿಸುತ್ತ ಕೂತಳು. ಕೈ ನಿಲ್ಲಿಸದೆ ಕೇಳಿದಳು.

"ಆ ಹಾಳಿ ಒಂದ ಸಾಕಾಗಿತ್ತಲ್ರಿ. ಅವರು ಪೆನ್ ಮುಚ್ಚಿದ್ರು ಅಂತ ನೀವ ಹೇಳಿದ್ರಿ. ಆಮ್ಯಾಲ ಅಕಿನ್ನ ಯಾಕ ಕರದ್ರಿ?"

ಕೇಸು ಗಟ್ಟಿಯಾಗಲಿ ಎಂದು, ವಕೀಲರು ಹೇಳಿದ್ದರು ಎಂದು ಏನೋ ಹೇಳಿದೆ. ವಕೀಲರು ಹಾಗೇನೂ ಹೇಳಿರಲಿಲ್ಲ. ಅವಳು ಬೇವಿನ ಕಡ್ಡಿಗಳನ್ನು ಒಟ್ಟು ಮಾಡಿಕೊಂಡು ಎದ್ದಳು.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಪೆನ್ನಿನ ಮುಚ್ಚಳ ಬಿದ್ದಾಗಲೇ ನನ್ನ ಕೆಲಸ ಉಳಿದದ್ದು ನನಗೆ ಗೊತ್ತಾಗಿತ್ತು. ವೇಣಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಇಲ್ಲ ಸಾರ್, ಇನ್ನೇನೂ ಇಲ್ಲ ಎಂದಿದ್ದರೆ ಅವಳು ಊಟ ಮುಗಿಸಿ ಮಷಿನಿಗೆ ಹೋಗುತ್ತಿದ್ದಳು, ಇಂದೂ ಹೋಗುತ್ತಿದ್ದಳು. ನಾನು ಕರೆದದ್ದು ಮುರಳಿ ಆ ಬೆರಳು ನೋಡುವುದನ್ನು ನೋಡುವುದಕ್ಕೆ. ಅವನನ್ನು ಹೊಡೆದ ದಿನ ನನಗೆ ಸಿಟ್ಟು ಬಂದಿತ್ತು. ಇವಳನ್ನು ಕರೆದ ದಿನ ಸಿಟ್ಟೂ ಇರಲಿಲ್ಲ.